ಬಾವಿಗೆ ಬ್ಲೀಚಿಂಗ್ ಪೌಡರ್ ಎಷ್ಟು ಗ್ರಾಂ? ಹೈಸ್ಕೂಲಿನ ಆರೋಗ್ಯ ಪಾಠವೂ ಉಳಿದ ಪಾಠಗಳೂ

ವ್ಯಾಸ 3 ಮೀಟರ್, ನೀರಿನ ಆಳ ಎರಡೂವರೆ ಮೀಟರ್. ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಮುಳ್ಳೇರಿಯದ ಕಡೆ ಇಂಥ ಕೆಂಪುಕಲ್ಲಿನ ಬಾವಿ ಹುಡುಕಿಕೊಂಡು ಹೋಗಬೇಕಾಗಿಲ್ಲ. ಮಳೆ ಹಿಡಿದ ಕೂಡಲೇ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿ ಎಂದು ಆಶಾ ಕಾರ್ಯಕರ್ತೆಯರು ಹೇಳಿ ಹೋಗುತ್ತಾರೆ. ಎಷ್ಟು ಹಾಕುತ್ತೀರಿ ಎಂದು ಕೇಳಿದರೆ ಹೆಚ್ಚಿನ ಕಡೆ ಸಿಗುವ ಉತ್ತರ ‘ಒಂದು ಹಿಡಿ’. ಅದೇ ಮನೆಯ ಹೈಸ್ಕೂಲು ಮಗು ಸಿಲಿಂಡರಿನ ಘನಫಲದ ಲೆಕ್ಕಗಳನ್ನು ನೋಟ್‌ಬುಕ್ಕಿನಲ್ಲಿ ಪುಟಗಟ್ಟಲೆ ಮಾಡಿರುತ್ತದೆ. ಬಾವಿಯ ಲೆಕ್ಕವೂ ಅದೇ ಎಂದು ಮಾತ್ರ ಯಾರೂ ಹೇಳಿರುವುದಿಲ್ಲ.

ಆರೋಗ್ಯ ಶಿಕ್ಷಣ ಎಂದರೆ ನಮ್ಮ ಹೈಸ್ಕೂಲುಗಳಲ್ಲಿ ಸಾಮಾನ್ಯವಾಗಿ ಏನು ನಡೆಯುತ್ತದೆ? ವರ್ಷಕ್ಕೆ ಒಂದೋ ಎರಡೋ ಸಲ ಹೊರಗಿನವರೊಬ್ಬರು ಬಂದು ಸಭಾಂಗಣದಲ್ಲಿ ಮುಕ್ಕಾಲು ಗಂಟೆ ಮಾತಾಡುತ್ತಾರೆ, ಒಂದು ಪ್ರತಿಜ್ಞೆ ಬೋಧಿಸುತ್ತಾರೆ, ಫೋಟೋ ತೆಗೆಯಲಾಗುತ್ತದೆ. ಗಣಿತದ ಮಾಸ್ಟ್ರಿಗೆ ಒಂದು ಪಿರಿಯಡ್ ಹೋಯಿತೆಂಬ ಬೇಸರ. ಆ ಬೇಸರದಲ್ಲಿ ನ್ಯಾಯವಿದೆ. ಅಂಥ ಭಾಷಣದಿಂದ ಗಣಿತಕ್ಕೂ ಲಾಭವಿಲ್ಲ, ಆರೋಗ್ಯಕ್ಕೂ ಇಲ್ಲ.

ಆರೋಗ್ಯ ಶಿಕ್ಷಣವು ಕಲಿಕೆಗೆ ನೆರವಾಗುವ ದಾರಿಗಳು ಎರಡು. ಒಂದು ಎಲ್ಲರೂ ಹೇಳುವಂಥದ್ದು: ರಕ್ತಹೀನತೆ, ಮಂದ ದೃಷ್ಟಿ, ನಿದ್ದೆಗೇಡು ಇವುಗಳಿಂದ ಪಾಠ ತಲೆಗೆ ಹೋಗದಿರುವ ಮಗುವಿನ ತೊಡಕು ಬಿಡಿಸುವುದು. ಎರಡನೆಯದನ್ನು ಹೇಳುವವರು ಕಡಿಮೆ. ಶೇಕಡಾವಾರು, ಅನುಪಾತ, ಕೋಷ್ಟಕ ಓದುವುದು, ಸಾಕ್ಷ್ಯ ತೂಗುವುದು, ಕಚೇರಿಗೆ ಅರ್ಜಿ ಬರೆಯುವುದು, ಹೀಗೆ ಹೈಸ್ಕೂಲು ಕಲಿಸಲು ಹೊರಟಿರುವ ಕೌಶಲಗಳಿಗೆಲ್ಲ ಮಕ್ಕಳಿಗೆ ಹತ್ತಿರದ ವಿಷಯ ಒದಗಿಸುವುದು. ಈ ಎರಡನೆಯ ದಾರಿಯಲ್ಲಿ ಗಣಿತದ ಪಿರಿಯಡ್ ಗಣಿತಕ್ಕೇ ಉಳಿಯುತ್ತದೆ.

ಬಾವಿಯನ್ನೇ ಪೂರ್ತಿ ಲೆಕ್ಕ ಹಾಕೋಣ. ತ್ರಿಜ್ಯ 1.5 ಮೀಟರ್, ಅದರ ವರ್ಗ 2.25, ಅದಕ್ಕೆ 3.14, ಮತ್ತೆ ಆಳ 2.5 ಗುಣಿಸಿದರೆ ಸುಮಾರು 17.7 ಘನ ಮೀಟರ್, ಅಂದರೆ 17,700 ಲೀಟರ್ ನೀರು. ಮಾಮೂಲಿ ಕ್ಲೋರಿನೀಕರಣಕ್ಕೆ 1,000 ಲೀಟರಿಗೆ 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್ ಬೇಕು. ಈ ಬಾವಿಗೆ 44 ಗ್ರಾಂ ಆಯಿತು. ನೆರೆ ನೀರು ನುಗ್ಗಿದ್ದರೆ, ಹತ್ತಿರದಲ್ಲಿ ಕಾಮಾಲೆ ಕಾಣಿಸಿದ್ದರೆ ಇಮ್ಮಡಿ: 1,000 ಲೀಟರಿಗೆ 5 ಗ್ರಾಂ, ಒಟ್ಟು 88 ಗ್ರಾಂ.

ಪುಡಿಯನ್ನು ನೇರವಾಗಿ ಬಾವಿಗೆ ಸುರಿಯಬಾರದು. ಪ್ಲಾಸ್ಟಿಕ್ ಬಕೆಟಿಗೆ ಹಾಕಿ, ಸ್ವಲ್ಪ ನೀರು ಬೆರೆಸಿ ಗಂಟಿಲ್ಲದ ಹಾಗೆ ಕಲಸಿ, ಬಳಿಕ ಮುಕ್ಕಾಲು ಬಕೆಟ್ ನೀರು ತುಂಬಿ ಕದಡಿ, ಐದು ಹತ್ತು ನಿಮಿಷ ಹಾಗೇ ಬಿಡಬೇಕು. ಸುಣ್ಣ ತಳಕ್ಕಿಳಿಯುತ್ತದೆ. ಮೇಲಿನ ತಿಳಿಯನ್ನು ಬೇರೆ ಬಕೆಟಿಗೆ ಬಸಿದು, ಹಗ್ಗದಲ್ಲಿ ನೀರಿನ ಮಟ್ಟಕ್ಕಿಂತ ಕೆಳಗೆ ಇಳಿಸಿ, ಮೇಲೆ ಕೆಳಗೆ ಆಡಿಸಿ ಕಲಕಬೇಕು. ಒಂದು ಗಂಟೆ ನೀರು ಸೇದಬಾರದು. ಇಮ್ಮಡಿ ಹಾಕಿದ್ದರೆ ರಾತ್ರಿ ಹಾಕಿ ಬೆಳಗ್ಗೆಯವರೆಗೆ ಬಿಡುವುದು ಉತ್ತಮ. ಗಂಟೆ ಕಳೆದ ಮೇಲೆ ನೀರಿನಲ್ಲಿ ಲೀಟರಿಗೆ 0.5 ಮಿಲಿಗ್ರಾಂನಷ್ಟು ಕ್ಲೋರಿನ್ ಉಳಿದಿರಬೇಕು. ಆರೋಗ್ಯ ಇಲಾಖೆಯವರ ಕ್ಲೋರೋಸ್ಕೋಪಿನಲ್ಲಿ ಇದು ಹಳದಿ ಬಣ್ಣವಾಗಿ ಕಾಣುತ್ತದೆ.

ಲೆಕ್ಕ ಎಲ್ಲಿ ಕೆಡುತ್ತದೆ ಎಂದು ನೋಡಿದರೆ ಪಾಠ ಇನ್ನಷ್ಟು ದಪ್ಪವಾಗುತ್ತದೆ. ತ್ರಿಜ್ಯದ ಜಾಗದಲ್ಲಿ ವ್ಯಾಸವನ್ನೇ ಹಾಕಿದ ಮಗುವಿಗೆ 177 ಗ್ರಾಂ ಸಿಗುತ್ತದೆ, ನಾಲ್ಕು ಪಟ್ಟು. ಪರೀಕ್ಷೆಯಲ್ಲಿ ಈ ತಪ್ಪಿಗೆ ಅಂಕ ಹೋಗುತ್ತದೆ. ಬಾವಿಯಲ್ಲಾದರೆ ನೀರು ಮೂಗಿಗೆ ಹಿಡಿಯದೆ, ಮನೆಯವರೆಲ್ಲ ‘ಇನ್ನು ಇದರ ಸುದ್ದಿಯೇ ಬೇಡ’ ಎಂದು ಪೌಡರನ್ನೇ ಬಿಟ್ಟುಬಿಡುತ್ತಾರೆ. ಸೂತ್ರದಲ್ಲಿ ವರ್ಗ ಯಾಕಿದೆ ಎಂಬುದನ್ನು ಕರಿಹಲಗೆಯ ಮೇಲೆ ಇಷ್ಟು ಚೆನ್ನಾಗಿ ತೋರಿಸಲಾಗದು. ಇನ್ನೊಂದು ತಪ್ಪು, ಮೇ ತಿಂಗಳಲ್ಲಿ ಅಳೆದ ಆಳವನ್ನು ಜುಲೈಯಲ್ಲೂ ಬಳಸುವುದು. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದುಹೋಗುವ ಊರಿದು. ಆಳ ಎರಡು ಪಟ್ಟಾದರೆ ಪೌಡರೂ ಎರಡು ಪಟ್ಟು.

ರಸಾಯನಶಾಸ್ತ್ರದ ಟೀಚರಿಗೂ ಇಲ್ಲಿ ಕೆಲಸವಿದೆ. ಹೊಸ ಪೌಡರಿನಲ್ಲಿ ಉಪಯೋಗಕ್ಕೆ ಸಿಗುವ ಕ್ಲೋರಿನ್ ಸುಮಾರು 33 ಶೇಕಡಾ. ಹಾಗಾದರೆ ಎರಡೂವರೆ ಗ್ರಾಂ ಪುಡಿಯಿಂದ 1,000 ಲೀಟರಿಗೆ ಸೇರುವುದು 0.825 ಗ್ರಾಂ, ಲೀಟರಿಗೆ 0.825 ಮಿಲಿಗ್ರಾಂ. ಉಳಿಯಬೇಕಾದದ್ದು 0.5. ನಡುವಿನ 0.3ರಷ್ಟನ್ನು ನೀರಿನಲ್ಲಿರುವ ಸಾವಯವ ಕಸ, ರೋಗಾಣುಗಳು ತಿಂದುಹಾಕುತ್ತವೆ. ಮೊದಲ ಮಳೆಯ ಕೆಂಪು ಕಲಕು ನೀರು ಇನ್ನೂ ಹೆಚ್ಚು ತಿನ್ನುತ್ತದೆ. ಆದ್ದರಿಂದ ಅದೇ 44 ಗ್ರಾಂ ಹಾಕಿದರೂ ಹಳದಿ ಬಣ್ಣ ಬಾರದೆ ಹೋಗಬಹುದು. ಚೀಲ ಬಿಚ್ಚಿಟ್ಟು ತೇವ ಕುಡಿದ ಪೌಡರಿನಲ್ಲಿ ಕ್ಲೋರಿನ್ ಅರ್ಧಕ್ಕೆ ಇಳಿದಿದ್ದರೆ ಎಷ್ಟು ಬೇಕು? ವಿಲೋಮ ಅನುಪಾತಕ್ಕೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಬೇಕೆ?

ಸುರಂಗದ ನೀರು ಕುಡಿಯುವ ಮನೆಗಳ ಮಕ್ಕಳಿಗೆ ಲೆಕ್ಕ ಬೇರೆ. ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದಲ್ಲಿ ನೀರು ನಿಲ್ಲುವುದಿಲ್ಲ, ಹರಿಯುತ್ತದೆ. ಅಲ್ಲಿ ಪೌಡರ್ ಹಾಕಿದರೆ ಹರಿದುಹೋಗುತ್ತದೆ. ಹಾಕಬೇಕಾದದ್ದು ನೀರು ಬಂದು ಬೀಳುವ ಟ್ಯಾಂಕಿಗೆ. ಹತ್ತು ಲೀಟರಿನ ಬಕೆಟ್ ತುಂಬಲು 40 ಸೆಕೆಂಡ್ ಬೇಕಾದರೆ ಗಂಟೆಗೆ 900 ಲೀಟರ್, ದಿನಕ್ಕೆ 21,600. ಹೊಸ ನೀರು ಹೀಗೆ ಸೇರುತ್ತಲೇ ಇದ್ದರೆ ಬೆಳಗ್ಗೆ ಹಾಕಿದ ಕ್ಲೋರಿನ್ ಸಂಜೆಗೆ ಉಳಿಯುತ್ತದೆಯೆ ಎಂಬುದು ಚುರುಕು ಮಕ್ಕಳಿಗೆ ಬಿಡಬಹುದಾದ ಪ್ರಶ್ನೆ.

ಕಾಮಾಲೆಯಲ್ಲಿ ಇನ್ನೊಂದು ಪಾಠ ಅಡಗಿದೆ. ಹೆಪಟೈಟಿಸ್ ಎ ವೈರಾಣು ದೇಹ ಸೇರಿದ ಮೇಲೆ ರೋಗ ತಲೆಯೆತ್ತಲು 15ರಿಂದ 50 ದಿನ, ಸರಾಸರಿ 28 ದಿನ ಬೇಕು. ಜೂನ್ ನಡುವಿನಲ್ಲಿ ಒಂದೇ ಊರಿನ ಹಲವರಿಗೆ ಕಾಮಾಲೆ ಬಂದರೆ ನಿನ್ನೆ ಕುಡಿದ ನೀರನ್ನು ದೂರಿ ಫಲವಿಲ್ಲ. ಮೇ ತಿಂಗಳ ಮದುವೆಗೋ ಗೃಹಪ್ರವೇಶಕ್ಕೋ ಹಿಂದಿರುಗಿ ನೋಡಬೇಕು. ಅಲ್ಲಿ ಕೊಟ್ಟ ವೆಲ್‌ಕಮ್ ಡ್ರಿಂಕ್, ಅದಕ್ಕೆ ಹಾಕಿದ ಐಸ್, ಆ ಐಸಿಗೆ ಬಳಸಿದ ನೀರು. ಕಾರಣ ಮತ್ತು ಪರಿಣಾಮದ ನಡುವೆ ತಿಂಗಳ ಅಂತರ ಇರಬಹುದು ಎಂಬ ತಿಳಿವಳಿಕೆ ಇತಿಹಾಸದ ಪಾಠಕ್ಕೂ ಬೇಕಾದದ್ದೇ.

ಡೆಂಗಿಯ ವಿಷಯಕ್ಕೆ ಬಂದರೆ ಕೇರಳದಲ್ಲಿ ‘ಡ್ರೈ ಡೇ’ ಎಂಬ ವಾರದ ಕ್ರಮ ಇದ್ದೇ ಇದೆ: ಶುಕ್ರವಾರ ಶಾಲೆಗಳಲ್ಲಿ, ಶನಿವಾರ ಕಚೇರಿಗಳಲ್ಲಿ, ಭಾನುವಾರ ಮನೆಗಳಲ್ಲಿ ನಿಂತ ನೀರು ಚೆಲ್ಲುವುದು. ಏಳು ದಿನಕ್ಕೊಮ್ಮೆ ಯಾಕೆ ಎಂಬುದನ್ನು ಹೆಚ್ಚಿನ ಶಾಲೆಗಳಲ್ಲಿ ಹೇಳುವುದಿಲ್ಲ. ಈಡಿಸ್ ಸೊಳ್ಳೆಯ ಮೊಟ್ಟೆ ಸೊಳ್ಳೆಯಾಗಿ ಹಾರಲು ಏಳರಿಂದ ಹತ್ತು ದಿನ ಸಾಕು. ವಾರ ತಪ್ಪದೆ ಚೆಲ್ಲಿದರೆ ಒಂದು ತಲೆಮಾರೂ ಹಾರುವುದಿಲ್ಲ, ಒಂದು ವಾರ ತಪ್ಪಿತೆಂದರೆ ಹಾರುತ್ತದೆ. ಅದೂ ಹೂಕುಂಡ, ಟಯರುಗಳ ಚಿತ್ರ ಅಂಟಿಸಿದರೆ ಸಾಲದು. ನಮ್ಮ ತೋಟಗಳಲ್ಲಿ ನೀರು ನಿಲ್ಲುವುದು ಬಿದ್ದ ಅಡಿಕೆ ಹಾಳೆಯಲ್ಲಿ, ರಬ್ಬರ್ ಹಾಲಿನ ಗೆರಟೆಯಲ್ಲಿ, ಇಲಿ ಕೊರೆದ ಕೊಕ್ಕೋ ಕೋಡಿನಲ್ಲಿ, ಕಟ್ಟಿಗೆಯ ಮೇಲೆ ಹೊದಿಸಿದ ಟರ್ಪಾಲಿನ ಮಡಿಕೆಯಲ್ಲಿ.

ಇಲ್ಲಿಯೂ ಎಣಿಸಬೇಕು. ಮಕ್ಕಳು 40 ಮನೆ ನೋಡಿದರು, 6 ಮನೆಗಳಲ್ಲಿ ಲಾರ್ವಾ ಸಿಕ್ಕಿತು, ಒಟ್ಟು 9 ಪಾತ್ರೆಗಳಲ್ಲಿ ಎಂದಿಟ್ಟುಕೊಳ್ಳಿ. ಮನೆ ಸೂಚ್ಯಂಕ 15 ಶೇಕಡಾ. ನೂರು ಮನೆಗೆ ಎಷ್ಟು ಪಾತ್ರೆ ಎಂದು ನೋಡುವ ಬ್ರೆಟೋ ಸೂಚ್ಯಂಕ 22.5. ಒಂದೇ ಮಾಹಿತಿಯಿಂದ ಎರಡು ಸಂಖ್ಯೆ ಯಾಕೆ ಬರುತ್ತದೆ, ಯಾವುದು ಯಾವ ಪ್ರಶ್ನೆಗೆ ಉತ್ತರ, ಮುಂದಿನ ತಿಂಗಳು ಮನೆ ಸೂಚ್ಯಂಕ ಇಳಿದು ಬ್ರೆಟೋ ಏರಿದರೆ ಏನಾಗಿರಬೇಕು ಎಂದು ಚರ್ಚಿಸಿದ ಮಗುವಿಗೆ ಪತ್ರಿಕೆಯಲ್ಲಿ ಬರುವ ಶೇಕಡಾವಾರುಗಳು ಬೇರೆಯೇ ರೀತಿ ಕಾಣುತ್ತವೆ. ಸಿಕ್ಕಿದ್ದನ್ನು ವಾರ್ಡ್ ಮೆಂಬರಿಗೆ ಒಂದು ಪುಟದ ವರದಿಯಾಗಿ ಕನ್ನಡದಲ್ಲೂ ಮಲಯಾಳದಲ್ಲೂ ಬರೆದುಕೊಟ್ಟರೆ ಭಾಷಾ ಪಾಠವೂ ಪೌರನೀತಿಯೂ ಅದರಲ್ಲೇ ಮುಗಿಯಿತು. ಕನ್ನಡ ಮಾಧ್ಯಮದ ಮಕ್ಕಳಿಗೆ ಈ ಎರಡು ಭಾಷೆಯ ಬರವಣಿಗೆ ಬರೀ ಕಸರತ್ತಲ್ಲ. ಊರಿನ ಆರೋಗ್ಯದ ನೋಟೀಸುಗಳು ಹೆಚ್ಚಾಗಿ ಮಲಯಾಳದಲ್ಲೇ ಬರುತ್ತವೆ, ಮನೆಯಲ್ಲಿ ಅಜ್ಜಿಗೆ ತುಳುವಿನಲ್ಲೋ ಕೊಂಕಣಿಯಲ್ಲೋ ಬ್ಯಾರಿಯಲ್ಲೋ ಹೇಳಬೇಕು. ಆ ಕೆಲಸ ಈಗಾಗಲೇ ಮನೆಯ ಮಕ್ಕಳೇ ಮಾಡುತ್ತಿರುತ್ತಾರೆ. ಶಾಲೆ ಅದನ್ನು ಗಮನಿಸಿ ತಿದ್ದಿಕೊಟ್ಟರೆ ಸಾಕು.

ಇನ್ನು ಮೊದಲನೆಯ ದಾರಿ, ದೇಹದ ತೊಡಕು ಬಿಡಿಸುವುದು. ವಾರಕ್ಕೊಂದು ಕಬ್ಬಿಣದ ಮಾತ್ರೆ ಕೊಡುವ ಯೋಜನೆ ಹೈಸ್ಕೂಲು ಮಕ್ಕಳಿಗೆ ಹಲವು ವರ್ಷಗಳಿಂದ ಇದೆ. ನೀಲಿ ಮಾತ್ರೆ, 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ. ಬೆಳೆಯುವ ವಯಸ್ಸಿನಲ್ಲಿ ಹುಡುಗ ಹುಡುಗಿ ಇಬ್ಬರಿಗೂ ರಕ್ತ ಹೆಚ್ಚಬೇಕು, ಹುಡುಗಿಯರಿಗೆ ಮುಟ್ಟಿನಲ್ಲಿ ತಿಂಗಳು ತಿಂಗಳು ನಷ್ಟವೂ ಇದೆ. ಕಬ್ಬಿಣ ಕಡಿಮೆಯಾದರೆ ಮೊದಲು ಕಾಣುವುದು ಸುಸ್ತು, ಗಮನ ಹಾರುವುದು. ಅಂಥ ಮಗುವನ್ನು ‘ಉದಾಸೀನ’ ಎಂದು ಕರೆಯುವುದು ಸುಲಭ. ಯೋಜನೆ ಸರಿಯಿದ್ದರೂ ಎಷ್ಟೋ ಮಾತ್ರೆ ಕಿಟಕಿಯಿಂದ ಹೊರಗೆ ಹೋಗುತ್ತದೆ. ಕಾರಣಗಳು ಸಣ್ಣವು. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ವಾಕರಿಕೆ ಬರುತ್ತದೆ. ಕೇರಳದಲ್ಲಿ ಮಧ್ಯಾಹ್ನದ ಊಟದ ಯೋಜನೆ ಎಂಟನೇ ತರಗತಿಗೆ ಮುಗಿಯುತ್ತದೆ, ಆದ್ದರಿಂದ ಒಂಬತ್ತು, ಹತ್ತರಲ್ಲಿ ಬುತ್ತಿ ತಾರದ ಮಕ್ಕಳಿಗೆ ‘ಊಟದ ಬಳಿಕ’ ಎಂಬುದೇ ಇಲ್ಲ. ಮಾರನೆಯ ದಿನ ಮಲ ಕಪ್ಪಾಗುತ್ತದೆ. ಹೀರಲ್ಪಡದ ಕಬ್ಬಿಣ ಅದು, ಅಪಾಯವೇನಿಲ್ಲ. ಮೊದಲೇ ಹೇಳದಿದ್ದರೆ ಒಬ್ಬಳು ಹೆದರಿದರೆ ಇಡೀ ಬೆಂಚು ಮಾತ್ರೆ ಬಿಡುತ್ತದೆ. ಚಾದ ಜೊತೆ ನುಂಗಿದರೆ ಟ್ಯಾನಿನ್ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ, ಒಂದು ಗಂಟೆಯಾದರೂ ಅಂತರ ಬೇಕು. ನೆಲ್ಲಿಕಾಯಿ, ಪೇರಳೆ, ಲಿಂಬೆಯ ಸಿ ಜೀವಸತ್ವ ಹೀರಿಕೆಗೆ ಸಹಾಯ ಮಾಡುತ್ತದೆ. ಮಾತ್ರೆ ಕೊಡುವ ದಿನದ ಮೊದಲ ಹತ್ತು ನಿಮಿಷ ಜೀವಶಾಸ್ತ್ರದ ಪಾಠವಾಗಿ ಇಷ್ಟನ್ನು ಹೇಳಿದರೆ, ಮುಂದೆ ಕಿಟಕಿಯ ಹೊರಗೆ ನೋಡಬೇಕಾಗಿ ಬರುವುದು ಕಡಿಮೆ.

ಕಣ್ಣಿನ ಪರೀಕ್ಷೆಯನ್ನು ಶಾಲೆಯಲ್ಲೇ ಮೊದಲ ಹಂತಕ್ಕೆ ಮಾಡಬಹುದು. ‘ಇ’ ಚಾರ್ಟ್ ಬಳಸಬೇಕು, ಅಂದರೆ ಇಂಗ್ಲಿಷಿನ ಇ ಅಕ್ಷರ ನಾಲ್ಕು ದಿಕ್ಕಿಗೂ ತಿರುಗಿರುವುದು. ಮಗು ಬಾಯಿಯಲ್ಲಿ ಓದಬೇಕಾಗಿಲ್ಲ, ಕೈಯಲ್ಲಿ ದಿಕ್ಕು ತೋರಿಸಿದರೆ ಸಾಕು. ದೂರ ಟೇಪಿನಿಂದ ಅಳೆದು 6 ಮೀಟರ್, ಹೆಜ್ಜೆ ಲೆಕ್ಕದಲ್ಲಿ ಅಲ್ಲ. ಮುಚ್ಚಿದ ಕಣ್ಣನ್ನು ಒತ್ತಬಾರದು. ಒತ್ತಿದರೆ ಆಮೇಲೆ ಆ ಕಣ್ಣಿಗೆ ಮಸುಕು. ಸಾಲಾಗಿ ನಿಲ್ಲಿಸಿದರೆ ಹಿಂದಿನವರಿಗೆ ಉತ್ತರ ಬಾಯಿಪಾಠ, ಆದ್ದರಿಂದ ಒಬ್ಬೊಬ್ಬರನ್ನೇ ಒಳಗೆ ಕರೆಯಬೇಕು. 6/9 ಸಾಲು ಕಾಣದವರನ್ನು ಕಣ್ಣಿನ ಪರಿಶೀಲನೆಗೆ ಕಳುಹಿಸುವುದು ರೂಢಿ. ಈ 6/9 ಎಂಬುದು ಮೂರರಲ್ಲಿ ಎರಡು ಭಾಗ ದೃಷ್ಟಿ ಎಂದಲ್ಲ. ಸರಿಯಾದ ಕಣ್ಣು 9 ಮೀಟರಿನಿಂದ ಕಾಣುವುದನ್ನು ಈ ಕಣ್ಣು 6 ಮೀಟರಿಗೆ ಬಂದು ಕಾಣುತ್ತದೆ ಎಂದು. ಭಿನ್ನರಾಶಿಯಂತೆ ಬರೆದದ್ದೆಲ್ಲ ಭಿನ್ನರಾಶಿಯ ಅರ್ಥ ಕೊಡುವುದಿಲ್ಲವೆಂದು ತಿಳಿಯಲು ಇದೊಂದು ಒಳ್ಳೆಯ ಜಾಗ.

ತೂಕ, ಎತ್ತರ ಅಳೆಯುವ ದಿನ ಮಾತ್ರ ಎಚ್ಚರ ಬೇಕು. ಕೆಲವು ಕಡೆ ಮಕ್ಕಳ ತೂಕವನ್ನು ಗಟ್ಟಿಯಾಗಿ ಕೂಗಿ ಹೇಳಿ, ಒಬ್ಬರು ಬರೆದುಕೊಳ್ಳುವ ಪದ್ಧತಿ ಇದೆ. ಇದಕ್ಕಿಂತ ಕೆಟ್ಟ ಆರೋಗ್ಯ ಪಾಠ ಇನ್ನೊಂದಿಲ್ಲ. ಆಮೇಲೆ ದೊಡ್ಡವರ ಬಿ.ಎಂ.ಐ. (ಕಿಲೋ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದ ಸಂಖ್ಯೆ) ಪಟ್ಟಿ ಹಿಡಿದು 18.5ಕ್ಕಿಂತ ಕಡಿಮೆ ಇದ್ದವರನ್ನೆಲ್ಲ ‘ಕಡಿಮೆ ತೂಕ’ ಎಂದು ಗುರುತು ಹಾಕುತ್ತಾರೆ. 13 ವರ್ಷದ, 150 ಸೆಂಟಿಮೀಟರ್ ಎತ್ತರದ, 38 ಕಿಲೋ ತೂಕದ ಹುಡುಗಿಯ ಬಿ.ಎಂ.ಐ. 16.9. ದೊಡ್ಡವರ ಪಟ್ಟಿಯಲ್ಲಿ ಅವಳು ಬಡಕಲು, ಆ ವಯಸ್ಸಿನ ಹುಡುಗಿಯರಿಗಾಗಿ ವಿಶ್ವ ಆರೋಗ್ಯ ಸಂಸ್ಥೆ ಮಾಡಿದ ಪಟ್ಟಿಯಲ್ಲಿ ಸರಿಯಾಗಿಯೇ ಇದ್ದಾಳೆ. ಹಿಮೋಗ್ಲೋಬಿನ್‌ಗೂ ಹೀಗೆಯೇ: 12ರಿಂದ 14 ವರ್ಷದವರಿಗೆ ಗಡಿ 12 ಗ್ರಾಂ, 15 ತುಂಬಿದ ಹುಡುಗಿಯರಿಗೆ 12, ಹುಡುಗರಿಗೆ 13. ಮಕ್ಕಳ ಸ್ವಂತ ಸಂಖ್ಯೆಗಳು ಅವರವರ ಕಾರ್ಡಿನಲ್ಲೇ ಇರಲಿ. ತರಗತಿಯ ಲೆಕ್ಕಕ್ಕೆ ಹೆಸರಿಲ್ಲದ ಕಲ್ಪಿತ ಪಟ್ಟಿಯೇ ಸಾಕು.

ಸಾಕ್ಷ್ಯ ತೂಗುವ ಪಾಠಕ್ಕೆ ಕಾಸರಗೋಡಿನ ಶಾಲೆಗಳಿಗೆ ಬೇರೆಲ್ಲೂ ಹೋಗಬೇಕಾಗಿಲ್ಲ. ಇಲ್ಲಿನ ಗೇರು ತೋಟಗಳ ಮೇಲೆ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿತು. ಎಣ್ಮಕಜೆಯ ಪಡ್ರೆ, ವಾಣಿನಗರದಲ್ಲಿ ವಿಚಿತ್ರ ಕಾಯಿಲೆಗಳು ಒಂದೇ ಕಡೆ ಗುಂಪಾಗಿ ಕಾಣಿಸುತ್ತಿವೆಯೆಂದು ಮೊದಲು ಗಮನಿಸಿದವರು ಅಲ್ಲಿನ ವೈದ್ಯ ಡಾ. ವೈ.ಎಸ್. ಮೋಹನಕುಮಾರ್, ಅದನ್ನು ಹೊರಜಗತ್ತಿಗೆ ಮುಟ್ಟಿಸಿದವರಲ್ಲಿ ಪತ್ರಕರ್ತ ಶ್ರೀಪಡ್ರೆ ಪ್ರಮುಖರು. ಇಷ್ಟು ಇಲ್ಲಿನ ಮಕ್ಕಳಿಗೆ ಗೊತ್ತಿರುತ್ತದೆ. ಗೊತ್ತಿಲ್ಲದ್ದು, ಅದನ್ನು ವಿಜ್ಞಾನ ಹೇಗೆ ಪರೀಕ್ಷಿಸಿತು ಎಂಬುದು.

ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಇಲ್ಲಿ ನಡೆಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗೇರು ಗುಡ್ಡದ ಬುಡದ ಊರಿನ 10ರಿಂದ 19 ವರ್ಷದ 117 ಶಾಲಾ ಹುಡುಗರಿದ್ದರು. ಅವರೊಂದಿಗೆ ಹೋಲಿಸಲು ಸಿಂಪಡಣೆ ಇಲ್ಲದ, ಸುಮಾರು 20 ಕಿಲೋಮೀಟರ್ ದೂರದ ಊರಿನ 90 ಹುಡುಗರು. ಹುಡುಗರ ದೇಹ ಪ್ರೌಢವಾಗುವುದನ್ನು ಎಂಡೋಸಲ್ಫಾನ್ ನಿಧಾನಗೊಳಿಸಿರಬಹುದು ಎಂಬುದು ಫಲಿತಾಂಶ. ತರಗತಿಗೆ ಬೇಕಾದ ಪ್ರಶ್ನೆಗಳೆಲ್ಲ ಇದರಲ್ಲೇ ಇವೆ. ಆ 90 ಮಂದಿ ಯಾಕೆ ಬೇಕು? ಪಕ್ಕದ ಊರಿನವರೇ ಯಾಕೆ ಆಗಬಾರದು? ಬೆಂಗಳೂರಿನ ಹುಡುಗರನ್ನು ತೆಗೆದುಕೊಂಡಿದ್ದರೆ ಏನು ಕೆಡುತ್ತಿತ್ತು? ವಯಸ್ಸು ಸರಿಹೊಂದಿಸದಿದ್ದರೆ? ಗುಂಪು ಸಣ್ಣದು, ಎಲ್ಲರೂ ಪಾಲ್ಗೊಳ್ಳಲಿಲ್ಲ ಎಂಬ ಮಿತಿಯನ್ನು ಸಂಶೋಧಕರೇ ಪ್ರಬಂಧದಲ್ಲಿ ಹೇಳಿಕೊಂಡಿದ್ದಾರೆ. ಮಿತಿ ಹೇಳಿಕೊಂಡರೆ ಅಧ್ಯಯನ ದುರ್ಬಲವಾಯಿತೆ, ಗಟ್ಟಿಯಾಯಿತೆ? ಈ ಕೊನೆಯ ಪ್ರಶ್ನೆಗೆ ಒಂದು ಪಿರಿಯಡ್ ಪೂರ್ತಿ ಕೊಟ್ಟರೂ ನಷ್ಟವಿಲ್ಲ. ವಾಟ್ಸಾಪಿನಲ್ಲಿ ಬರುವ ಔಷಧದ ಸಂದೇಶಗಳಲ್ಲಿ ಹೋಲಿಕೆಯ ಗುಂಪೂ ಇರುವುದಿಲ್ಲ, ಮಿತಿಯೂ ಇರುವುದಿಲ್ಲ. ಮುಂದೆ 2011ರ ಏಪ್ರಿಲ್‌ನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ, ಜಗತ್ತಿನಿಂದಲೇ ತೊಲಗಿಸಬೇಕಾದ ವಿಷಗಳ ಪಟ್ಟಿಗೆ ಎಂಡೋಸಲ್ಫಾನ್ ಸೇರಿದ್ದು, ಮೇಯಲ್ಲಿ ಸುಪ್ರೀಂ ಕೋರ್ಟಿನ ನಿಷೇಧ, 2017ರಲ್ಲಿ ಸಂತ್ರಸ್ತರಿಗೆ 5 ಲಕ್ಷ ರೂಪಾಯಿಯಂತೆ ಕೊಡಬೇಕೆಂಬ ಆದೇಶ ಇವೆಲ್ಲ ಸಮಾಜ ವಿಜ್ಞಾನದ ಪಾಲು. ಒಂದೇ ಎಚ್ಚರ: ಅದೇ ತರಗತಿಯಲ್ಲಿ ಬಾಧಿತ ಮನೆಗಳ ಮಕ್ಕಳು ಇರಬಹುದು. ಯಾರ ಮನೆಯನ್ನೂ ಉದಾಹರಣೆ ಮಾಡಬಾರದು, ಯಾರನ್ನೂ ನೋಡಲು ಮಕ್ಕಳನ್ನು ಕರೆದೊಯ್ಯಬಾರದು.

ಎಲ್ಲವನ್ನೂ ಹೀಗೆ ಬೇರೆ ಪಾಠಗಳೊಳಗೆ ಸೇರಿಸಲಾಗದು. ಮುಟ್ಟು, ಲೈಂಗಿಕ ದೌರ್ಜನ್ಯ, ಮಾದಕ ವಸ್ತು, ಮನಸ್ಸಿನ ತೊಳಲಾಟ ಇವಕ್ಕೆ ಪ್ರತ್ಯೇಕ ಪಿರಿಯಡ್ ಬೇಕು, ಪರಿಚಯದ ಶಿಕ್ಷಕರೇ ಬೇಕು. 2020ರಲ್ಲಿ ಆರಂಭವಾದ ಆಯುಷ್ಮಾನ್ ಭಾರತದ ಶಾಲಾ ಆರೋಗ್ಯ ಕಾರ್ಯಕ್ರಮದಲ್ಲಿ ಶಾಲೆಗೆ ಇಬ್ಬರು ಶಿಕ್ಷಕರು, 11 ವಿಷಯ, ವರ್ಷಕ್ಕೆ 24 ಗಂಟೆ ಎಂಬ ಚೌಕಟ್ಟು ಇದೆ; ಆ ಗಂಟೆಗಳನ್ನು ಇಂಥ ವಿಷಯಗಳಿಗೇ ಮೀಸಲಿಟ್ಟರೆ ಒಳ್ಳೆಯದು. ಮುಟ್ಟಿನ ಪಾಠಕ್ಕೆ ಹುಡುಗರನ್ನು ಹೊರಗೆ ಕಳುಹಿಸುವ ಅಭ್ಯಾಸದಿಂದ ಹುಡುಗಿಯರ ಮುಜುಗರವೇ ಹೆಚ್ಚುತ್ತದೆ. ಮೊದಲ ಪಾಠ ಬೇರೆ ಬೇರೆಯಾಗಿ, ಎರಡನೆಯದು ಒಟ್ಟಿಗೆ ಎಂಬ ಕ್ರಮ ನಡೆಯುತ್ತದೆ. ಮಾದಕ ವಸ್ತುವಿನ ಬಗ್ಗೆ ಹೆದರಿಸುವ ಚಿತ್ರಗಳಿಗಿಂತ, ಗೆಳೆಯ ಒತ್ತಾಯಿಸಿದಾಗ ಏನು ಹೇಳುತ್ತೀ ಎಂದು ಸಂಭಾಷಣೆ ಬರೆಸಿ ಆಡಿಸುವುದು ಕೆಲಸಕ್ಕೆ ಬರುತ್ತದೆ. ಕನ್ನಡದ ಪಿರಿಯಡಿನಲ್ಲಿ ಸಂಭಾಷಣೆ ಬರೆಯುವುದು ಹೇಗೂ ಇದೆ. ಅಡಿಕೆಯ ವಿಷಯ ಸ್ವಲ್ಪ ನಾಜೂಕು. ಅಡಿಕೆ ಜಗಿಯುವುದು ಕ್ಯಾನ್ಸರಿಗೆ ಕಾರಣವೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ವರ್ಗೀಕರಿಸಿದೆ. ಕೇಳುವ ಮಕ್ಕಳ ಫೀಸು, ಸೈಕಲ್ಲು ಬಂದದ್ದು ಅಡಿಕೆಯಿಂದ. ವಿಷಯವನ್ನು ಬಿಟ್ಟುಬಿಡುವುದು ಸರಿಯಲ್ಲ, ಬೆಳೆಗಾರರನ್ನು ಬೈಯುವುದೂ ಸರಿಯಲ್ಲ. ತೊಂದರೆಯಲ್ಲಿರುವ ಮಕ್ಕಳಿಗೆ ಸಹಾಯವಾಣಿ 1098, ಮನಸ್ಸಿನ ವಿಚಾರಕ್ಕೆ ಟೆಲಿ ಮಾನಸ್ 14416. ಇವು ಗೋಡೆಯ ಮೇಲಿದ್ದರೆ ಸಾಲದು, ಕರೆ ಮಾಡಿದರೆ ಮೊದಲು ಏನು ಕೇಳುತ್ತಾರೆ, ಏನು ಹೇಳಬೇಕು ಎಂದೂ ಅಭ್ಯಾಸ ಮಾಡಿಸಬೇಕು.

ಲೇಬಲ್ ಓದುವುದನ್ನು ಮಾತ್ರ ಯಾವ ಭಾಷೆಯ ಟೀಚರೂ ಬಿಡಬಾರದು. ಒ.ಆರ್.ಎಸ್. ಪ್ಯಾಕೆಟ್ ಕೆಲವು ಒಂದು ಲೀಟರಿಗೆ, ಕೆಲವು 200 ಮಿಲಿಲೀಟರಿಗೆ. ದೊಡ್ಡದನ್ನು ಒಂದು ಲೋಟಕ್ಕೆ ಸುರಿದರೆ ಉಪ್ಪು ಐದು ಪಟ್ಟು ಗಟ್ಟಿ. ಭೇದಿಯಾದವರಿಗೆ ಅದು ಅಪಾಯ. ಸಿಹಿ ಪಾನೀಯಗಳ ಡಬ್ಬಿಯ ಮೇಲೆ ‘ಒ.ಆರ್.ಎಸ್.’ ಎಂದು ಬರೆಯುವುದನ್ನು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ತಡೆದದ್ದು ಈ ಪಾಠಕ್ಕೆ ಒದಗಿದ ಹೊಸ ಉದಾಹರಣೆ.

ಅಂಕವಿಲ್ಲದ ಕೆಲಸಕ್ಕೆ ಮಕ್ಕಳೂ ಮನೆಯವರೂ ಹೊತ್ತು ಕೊಡುವುದಿಲ್ಲ ಎಂಬುದು ನಿಜ. ಅದಕ್ಕೆ ಸಿ.ಇ. ಇದೆಯಲ್ಲ! ಎಸ್‌.ಎಸ್‌.ಎಲ್‌.ಸಿ.ಯಲ್ಲಿ 80 ಅಂಕದ ಪತ್ರಿಕೆಗೆ 20, 40ರದ್ದಕ್ಕೆ 10 ಅಂಕ ನಿರಂತರ ಮೌಲ್ಯಮಾಪನಕ್ಕೆ. ಬಾವಿಯ ಲೆಕ್ಕ ಗಣಿತಕ್ಕೆ, ಕ್ಲೋರಿನ್ ರಸಾಯನಶಾಸ್ತ್ರಕ್ಕೆ, ವಾರ್ಡಿನ ವರದಿ ಭಾಷೆಗೆ ಎಂದು ಜೂನ್‌ನಲ್ಲೇ ಸ್ಟಾಫ್ ಮೀಟಿಂಗಿನಲ್ಲಿ ಹಂಚಿಕೊಂಡರೆ ಒಂದೇ ಕೆಲಸಕ್ಕೆ ಮೂರು ಕಡೆ ಬೆಲೆ. ಹಂಚಿಕೊಳ್ಳದಿದ್ದರೆ ಮೂವರೂ ಬೇರೆ ಬೇರೆ ಪ್ರಾಜೆಕ್ಟ್ ಕೇಳುತ್ತಾರೆ, ಮಕ್ಕಳು ಅಂಗಡಿಯಿಂದ ಚಾರ್ಟ್ ತಂದು ಅಂಟಿಸುತ್ತಾರೆ. ಅಂಕ ಕೊಡುವಾಗ ಚಾರ್ಟಿನ ಬಣ್ಣ ನೋಡುವುದು ಬೇಡ. ಅಳತೆ ಎಲ್ಲಿಂದ ಬಂತು, ಲೆಕ್ಕದ ತಪ್ಪನ್ನು ಎಲ್ಲಿ ತಿದ್ದಿದ್ದಾರೆ ಎಂದು ನೋಡಿ.

ವರ್ಷದ ಹಂಚಿಕೆಯಲ್ಲಿ ಋತುವೇ ಪಟ್ಟಿ. ಜೂನ್‌ನಲ್ಲಿ ಬಾವಿ, ಜುಲೈಯಲ್ಲಿ ಸೊಳ್ಳೆ, ಆಗಸ್ಟ್ 10ರ ಹುಳದ ಮಾತ್ರೆಯ ಆಸುಪಾಸಿನಲ್ಲಿ ರಕ್ತಹೀನತೆ. ಓಣಂ ರಜೆ ಕಳೆದ ಮೇಲೆ ಹಾವು: ಗಾಯ ಕೊಯ್ಯಬಾರದು, ಬಿಗಿದು ಕಟ್ಟಬಾರದು, ಕಚ್ಚಿದ ಕೈಕಾಲನ್ನು ಅಲುಗಾಡದಂತೆ ಇರಿಸಿ 108ಕ್ಕೆ ಕರೆ ಮಾಡಬೇಕು, ಪ್ರತಿವಿಷ ಇರುವ ಹತ್ತಿರದ ಆಸ್ಪತ್ರೆ ಯಾವುದೆಂದು ಮಕ್ಕಳೇ ವಿಚಾರಿಸಿ ನಕ್ಷೆ ಬರೆಯಬೇಕು. ಗಡಿಯಾಚೆ ಮಂಗಳೂರನ್ನೇ ನೆಚ್ಚಿದ ಊರುಗಳಿಗೆ ಈ ನಕ್ಷೆ ಎಷ್ಟು ಮುಖ್ಯವೆಂದು 2020ರ ಮಾರ್ಚ್‌ನಲ್ಲಿ ತಲಪಾಡಿಯ ರಸ್ತೆ ಮುಚ್ಚಿದಾಗ ಎಲ್ಲರಿಗೂ ತಿಳಿದಿದೆ. ಡಿಸೆಂಬರ್‌ನಿಂದ ಆಚೆಗೆ ನಿದ್ದೆ. 13ರಿಂದ 18 ವರ್ಷದವರಿಗೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು. ಹಗಲು ಓದಿದ್ದು ನೆನಪಿನಲ್ಲಿ ನೆಲೆಯಾಗುವುದು ನಿದ್ದೆಯಲ್ಲಿ. ಎಸ್‌.ಎಸ್‌.ಎಲ್‌.ಸಿ. ಮಕ್ಕಳು ತಯಾರಾಗುವ ತಿಂಗಳುಗಳಲ್ಲೇ ನಮ್ಮಲ್ಲಿ ಕೋಲ, ತೆಯ್ಯಂ, ಬಯಲಾಟ; ಕೆಲವರಿಗೆ ಮುಂಜಾನೆ ಮದ್ರಸ, ಕೆಲವರಿಗೆ ಟ್ಯೂಷನ್. ಎರಡು ವಾರ ಮಲಗಿದ, ಎದ್ದ ಹೊತ್ತು ಬರೆದಿಟ್ಟು ಸರಾಸರಿಯನ್ನೂ ಮಧ್ಯಾಂಕವನ್ನೂ ಹುಡುಕಲಿ; ಆಟ ನೋಡಿದ ಒಂದು ರಾತ್ರಿ ಸರಾಸರಿಯನ್ನು ಎಷ್ಟು ಎಳೆಯುತ್ತದೆ, ಮಧ್ಯಾಂಕವನ್ನು ಯಾಕೆ ಅಷ್ಟು ಎಳೆಯುವುದಿಲ್ಲ ಎಂದು ತಾವೇ ಕಾಣುತ್ತಾರೆ. ಫೆಬ್ರವರಿಯಲ್ಲಿ ಹತ್ತನೆಯವರಿಗೆ ಹೊಸದೇನೂ ಇಡಬೇಡಿ. ಆ ತಿಂಗಳ 10ರಂದು ಹುಳದ ಎರಡನೇ ಸುತ್ತಿನ ಮಾತ್ರೆ ಇದೆ, ಅದನ್ನು ಎಂಟು, ಒಂಬತ್ತನೆಯವರು ಹೆಸರು ಪಟ್ಟಿ ಹಿಡಿದು ನೋಡಿಕೊಳ್ಳಲಿ.